ಬೆಕ್ಕಿರುವ ಮನೆಗೆ ಮುಧೋಳ ನಾಯಿ: ಬುಟ್ಟಿ ಮಜಲ್ ಮತ್ತು ಕಂಬಿ ಗೇಟಿನ ವಿಮರ್ಶೆ

ಈ ಬರಹ ಎರಡು ವಸ್ತುಗಳ ಬಗ್ಗೆ. ಒಂದು, ನಾಯಿಯ ಮೂತಿಗೆ ತೊಡಿಸುವ ಬುಟ್ಟಿ ಮಜಲ್. ಇದು ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ಕಿನದು, ಸುತ್ತಲೂ ಕಿಂಡಿಗಳಿವೆ, ಬೆಲೆ ಸಾವಿರ ರೂಪಾಯಿಗೆ ತುಸು ಹೆಚ್ಚು. ಇನ್ನೊಂದು, ಪಡಸಾಲೆಗೂ ಒಳಕೋಣೆಗೂ ನಡುವಿನ ಬಾಗಿಲಿಗೆ ಕೂರಿಸಿದ ಕಬ್ಬಿಣದ ಕಂಬಿ ಗೇಟು. ಇದನ್ನು ನಮ್ಮ ಬಡಾವಣೆಯ ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ್ದು, ಖರ್ಚು ಮಜಲ್‌ಗಿಂತ ಹಲವು ಪಟ್ಟು ಹೆಚ್ಚಾಯಿತು. ಹೈದರಾಬಾದಿಗೆ ವರ್ಗವಾದ ನನ್ನ ತಮ್ಮ ತನ್ನ ಮುಧೋಳ ನಾಯಿ ಮೋತಿಯನ್ನು ಕಲಬುರಗಿಯ ನಮ್ಮ ಮನೆಯಲ್ಲಿ ಬಿಟ್ಟುಹೋದ ಮೇಲೆ ಇವೆರಡರ ಅಗತ್ಯ ಬಂತು, ಏಕೆಂದರೆ ಆ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಚಿನ್ನಿ ಎಂಬ ಬೆಕ್ಕು ಇದೆ. ಬೆಕ್ಕು ಓಡಿದೊಡನೆ ಮೋತಿ ನೆಗೆಯುತ್ತಿತ್ತು. ಎರಡು ವಸ್ತುಗಳನ್ನೂ ಬೇಸಿಗೆ, ಮಳೆಗಾಲ ಎರಡರಲ್ಲೂ ಬಳಸಿದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಾಯಿಯೊಂದಿಗೆ ಬೇರೆ ಸಾಕುಪ್ರಾಣಿ ಇರುವ ಮನೆಗೆ ಗೇಟು ಮೊದಲು ಬೇಕು, ಮಜಲ್ ಆಮೇಲೆ. ಪೇಟೆಯಲ್ಲಿ ಇದು ತಿರುವುಮುರುವಾಗಿ ನಡೆಯುತ್ತಿದೆ. ನಾಯಿ ಬೆಕ್ಕನ್ನು ಅಟ್ಟುತ್ತದೆ ಎಂದು ಹೇಳಿದ ಕೂಡಲೇ ಅಂಗಡಿಯವರು ಮಜಲ್ ಕೈಗಿಡುತ್ತಾರೆ, ಕೊಳ್ಳುವವರು ಅದನ್ನೇ ಪರಿಹಾರವೆಂದು ನಂಬಿ ಮನೆಗೆ ಒಯ್ಯುತ್ತಾರೆ.

ವಸ್ತುವಿನ ಗುಣದೋಷಕ್ಕೆ ಬರುವ ಮುನ್ನ ಅದು ಎದುರಿಸಬೇಕಾದ ಸ್ವಭಾವ ಯಾವುದು ಎಂಬುದನ್ನು ಹೇಳಲೇಬೇಕು, ಏಕೆಂದರೆ ನಾವು ಸಾಮಾನ್ಯವಾಗಿ 'ಸಿಟ್ಟಿನ ನಾಯಿ' ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಊಟದ ತಟ್ಟೆಯ ಹತ್ತಿರ ಬಂದ ಇನ್ನೊಂದು ಪ್ರಾಣಿಗೆ ಗುರ್ರೆನ್ನುವ ನಾಯಿ ತನ್ನದನ್ನು ಕಾಯುತ್ತಿದೆ. ಮೂಲೆಗೆ ಸಿಕ್ಕಿ ಹಲ್ಲು ತೋರಿಸುವ ನಾಯಿಗೆ ಭಯವಾಗಿದೆ. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು ಇರುವ ನಾಯಿ ಮುಟ್ಟಿದರೆ ಕಚ್ಚುತ್ತದೆ. ಇವೆಲ್ಲದರಲ್ಲಿ ಒಂದು ಸಮಾನ ಅಂಶವಿದೆ: ನಾಯಿ ಎದುರಿನ ಪ್ರಾಣಿಯನ್ನು ದೂರ ಕಳಿಸಲು ಬಯಸುತ್ತದೆ, ಹಾಗಾಗಿ ಮೊದಲು ಎಚ್ಚರಿಕೆ ಕೊಡುತ್ತದೆ. ಬೇಟೆ ಹಾಗಲ್ಲ. ಬೇಟೆಯಲ್ಲಿ ನಾಯಿಗೆ ಎದುರಿನದು ಹತ್ತಿರ ಬೇಕು. ಕಣ್ಣು ನೆಡುವುದು, ಮೈ ತಗ್ಗಿಸಿ ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು ಎಂಬ ಸರಣಿ ಸದ್ದಿಲ್ಲದೆ ನಡೆಯುತ್ತದೆ. ಗುರ್ರೆನ್ನುವುದೂ ಇಲ್ಲ, ಹಲ್ಲು ಕಿರಿಯುವುದೂ ಇಲ್ಲ. ಮೋತಿಯದು ಈ ಎರಡನೆಯ ಬಗೆ. ಚಿನ್ನಿ ಕುಳಿತಿದ್ದರೆ ಅದು ಕಲ್ಲಿನಂತೆ ನಿಂತು ನೋಡುತ್ತಿತ್ತು, ಕಿವಿ ಮುಂದಕ್ಕೆ, ಬಾಲ ಅಲುಗದೆ. ಚಿನ್ನಿ ಓಡಿದರೆ ಅದೂ ಹಾರುತ್ತಿತ್ತು, ಶಹಾಬಾದ್ ಪರ್ಸಿಯ ನುಣುಪು ನೆಲದ ಮೇಲೆ ಅದರ ಉಗುರುಗಳು ಕರಕರ ಜಾರುವ ಸದ್ದಷ್ಟೇ ಕೇಳುತ್ತಿತ್ತು. ಮನುಷ್ಯರ ಮೇಲೆ, ಬೇರೆ ನಾಯಿಗಳ ಮೇಲೆ ಅದು ಎಂದೂ ಏರಿ ಹೋಗಿಲ್ಲ, ಪಕ್ಕದ ಮನೆಯ ಚಿಕ್ಕ ಮಕ್ಕಳು ಅದರ ಕಿವಿ ಎಳೆದರೂ ಸುಮ್ಮನಿರುತ್ತದೆ. ಇಂಥ ನಾಯಿಯನ್ನು ಸಿಡುಕು ಸ್ವಭಾವದ್ದು ಎಂದು ಕರೆಯುವುದು ತಪ್ಪು. ಹಾಗೆಂದು ಬೆಕ್ಕಿಗೆ ಅದರಿಂದ ಅಪಾಯ ಕಡಿಮೆ ಎಂದು ತಿಳಿಯುವುದು ಇನ್ನೂ ದೊಡ್ಡ ತಪ್ಪು.

ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ದಖ್ಖನದ ಬಯಲಿನಲ್ಲಿ ಮೊಲವನ್ನು ದೂರದಿಂದ ಕಂಡು, ಅಟ್ಟಿ, ಹಿಡಿಯುವುದಕ್ಕಾಗಿ ತಲೆಮಾರುಗಳಿಂದ ಆಯ್ದು ಬೆಳೆಸಿದ್ದು. ಉದ್ದ ಕಾಲು, ಒಳಸರಿದ ಹೊಟ್ಟೆ, ಕಿರಿದಾದ ತಲೆ, ಚೂಪು ಮೂತಿ, ಎಲ್ಲವೂ ಆ ಕೆಲಸಕ್ಕೆ ಒದಗಿದ ಅಂಗಸೌಷ್ಠವ. ಅಂಚೆ ಇಲಾಖೆ 2005ರಲ್ಲಿ ನಾಲ್ಕು ದೇಶಿ ತಳಿಗಳ ಅಂಚೆಚೀಟಿ ತಂದಾಗ ಇದಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಈ ತಳಿಯ ಸಂಶೋಧನೆಗೆಂದೇ ಇರುವ ಕೇಂದ್ರವನ್ನು ನಡೆಸುವುದು ನಮ್ಮ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಎಂಬುದು ಈ ಭಾಗದ ನಮಗೆ ಅಭಿಮಾನದ ಸಂಗತಿ. ಸೈನ್ಯವೂ ಈ ನಾಯಿಗಳನ್ನು ಪಡೆದು ಮೀರತ್‌ನಲ್ಲಿ ತರಬೇತಿ ಕೊಟ್ಟಿದೆ. ಇದನ್ನೆಲ್ಲ ಹೇಳುವ ಕಾರಣವಿಷ್ಟೇ: ಓಡುವ ಸಣ್ಣ ಪ್ರಾಣಿಯನ್ನು ಕಂಡು ಅಟ್ಟುವುದು ಈ ನಾಯಿಗೆ ಕೆಟ್ಟ ಚಾಳಿಯಲ್ಲ, ಅದು ಅದರ ಹುಟ್ಟುಗುಣ, ಮತ್ತು ಹುಟ್ಟುಗುಣವನ್ನು ಯಾವ ಪಟ್ಟಿಯೂ ಯಾವ ಬುಟ್ಟಿಯೂ ಅಳಿಸುವುದಿಲ್ಲ.

ಆದರೆ ತಳಿಯ ಹೆಸರನ್ನೇ ನೋಡಿ ತೀರ್ಪು ಕೊಡುವುದೂ ಸರಿಯಲ್ಲ. ಅಮೆರಿಕದ ವಿಜ್ಞಾನಿಗಳು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇ. 9 ಮಾತ್ರ. ಬೆಕ್ಕಿನ ಮಗ್ಗುಲಲ್ಲೇ ಮಲಗುವ ಮುಧೋಳಗಳೂ ಇವೆ, ಬೆಕ್ಕನ್ನು ಕೊಂದ ಪುಟ್ಟ ಪಾಮರೇನಿಯನ್‌ಗಳೂ ಇವೆ. ಮರಿಯಾಗಿದ್ದಾಗ ಏನನ್ನು ಕಂಡಿತು ಎಂಬುದು ಬಹಳ ಮುಖ್ಯ. ನಾಯಿಮರಿಗೆ ಸುಮಾರು ಮೂರನೆಯ ವಾರದಿಂದ ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ, ಬೆಕ್ಕಿನಮರಿಗೆ ಸುಮಾರು ಎರಡರಿಂದ ಏಳನೆಯ ವಾರದವರೆಗೆ, ಜಗತ್ತಿನಲ್ಲಿ ತನ್ನವರು ಯಾರು ಎಂದು ಮನಸ್ಸು ತೆರೆದು ಕಲಿಯುವ ಕಾಲ. ಆ ವಯಸ್ಸಿನಲ್ಲಿ ಬೆಕ್ಕನ್ನು ಕಂಡಿರದ ನಾಯಿ ದೊಡ್ಡದಾದ ಮೇಲೆ ಬೆಕ್ಕಿನ ಮನೆಗೆ ಬಂದರೆ, ಮನೆಯವರು ಬಹಳ ತಾಳ್ಮೆಯಿಂದ ಕೆಲಸ ಮಾಡಬೇಕಾಗುತ್ತದೆ. ಮೋತಿ ಬೆಳೆದದ್ದು ತಮ್ಮನ ಬಾಡಿಗೆ ಮನೆಯಲ್ಲಿ ಒಂಟಿಯಾಗಿ.

ಇನ್ನು ಮಜಲ್. ಅಂಗಡಿಯಲ್ಲಿ ನನಗೆ ಮೊದಲು ತೋರಿಸಿದ್ದು ಬಟ್ಟೆಯದು, ನೈಲಾನ್ ಪಟ್ಟಿಯಿಂದ ಮೂತಿಯನ್ನು ಸುತ್ತಿ ಬಿಗಿಯುವಂಥದ್ದು. ಬೆಲೆ ಅಗ್ಗ, ಮಡಚಿ ಜೇಬಿನಲ್ಲಿ ಇಟ್ಟುಕೊಳ್ಳಬಹುದು. ನಮ್ಮ ಊರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದೂ ಇದೇ. ಇದನ್ನು ನಾನು ಕೊಳ್ಳಲಿಲ್ಲ, ಯಾರೂ ಕೊಳ್ಳಬಾರದು ಎಂದು ಒತ್ತಿ ಹೇಳುತ್ತೇನೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಸ್ವಲ್ಪ ಬೆವರುತ್ತದೆ ಅಷ್ಟೆ. ಬಾಯಿ ತೆರೆದು, ನಾಲಿಗೆ ಹೊರಚಾಚಿ ತೇಕುವುದೇ ಅದರ ಮೈ ತಣಿಯುವ ದಾರಿ. ಬಟ್ಟೆಯ ಮಜಲ್ ಬಾಯಿಯನ್ನು ಮುಚ್ಚಿ ಹಿಡಿಯುವುದರಿಂದ ಆ ದಾರಿಯೇ ಕಟ್ಟಿಹೋಗುತ್ತದೆ. ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಸಾಮಾನ್ಯವಾಗಿರುವ ಕಲಬುರಗಿ, ಯಾದಗಿರಿ ಕಡೆ ಇದು ಜೀವಕ್ಕೇ ಎರವಾಗಬಹುದು. ನಾಯಿಯ ಸಹಜ ಮೈಬಿಸಿ ಸುಮಾರು 38.3ರಿಂದ 39.2 ಡಿಗ್ರಿ, ಅದು 41 ಡಿಗ್ರಿ ದಾಟಿದರೆ ಬಿಸಿಲಿನ ಆಘಾತದ ಹಂತ, ಒಳಾಂಗಗಳು ಕೆಡತೊಡಗುತ್ತವೆ. ಆಸ್ಪತ್ರೆಯಲ್ಲಿ ಸೂಜಿ ಹಾಕುವ ಒಂದೆರಡು ನಿಮಿಷಕ್ಕೆ ಪಶುವೈದ್ಯರು ಬಟ್ಟೆಯ ಮಜಲ್ ಬಳಸುವುದು ಬೇರೆ ಮಾತು. ಅಂಗಡಿಯಿಂದ ಫೋಟೊ ಕಳಿಸಿದಾಗ ಅವ್ವ ತಕ್ಷಣ ಕರೆ ಮಾಡಿ ಕೇಳಿದ್ದೂ ಇದನ್ನೇ: 'ಈ ಬಿಸಲಾಗ ಅದರ ಬಾಯಿ ಬಿಗದರ ಅದು ಉಸರು ಹ್ಯಾಂಗ ಬಿಡಬೇಕು?'

ಬುಟ್ಟಿ ಮಜಲ್‌ನಲ್ಲಿ ಈ ತೊಂದರೆಯಿಲ್ಲ. ತೊಗರಿ ಸಾಲಿನ ನಡುವೆ ಎಡೆ ಹೊಡೆಯುವಾಗ ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯ ಹಾಗೆಯೇ ಇದೂ ಬಾಯಿಯನ್ನು ಮುಚ್ಚುವುದಿಲ್ಲ, ಬಾಯಿಯ ಸುತ್ತ ಜಾಗ ಬಿಟ್ಟು ನಿಲ್ಲುತ್ತದೆ. ಒಳಗೆ ನಾಯಿ ಬಾಯಿ ತೆರೆದು ತೇಕಬಹುದು, ನೀರು ಕುಡಿಯಬಹುದು, ಕಿಂಡಿಯಿಂದ ಕೊಟ್ಟ ತುಣುಕನ್ನು ತಿನ್ನಬಹುದು. ಕಚ್ಚಲು ಮಾತ್ರ ಆಗುವುದಿಲ್ಲ. ತಂತಿಯ ಬುಟ್ಟಿಗಳೂ ಸಿಗುತ್ತವೆ. ಅವು ಗಟ್ಟಿ, ಗಾಳಿ ಇನ್ನೂ ಚೆನ್ನಾಗಿ ಆಡುತ್ತದೆ. ಆದರೆ ಬಿಸಿಲಿಗೆ ಕಾಯುತ್ತವೆ ಮತ್ತು ನಾಯಿ ಮುಖ ತಿವಿದರೆ ನಮ್ಮ ಮೊಣಕಾಲಿಗೂ ಪೆಟ್ಟು ಬೀಳುತ್ತದೆ. ಮನೆಯೊಳಗಿನ ಬಳಕೆಗೆ ಬಾಗುವ ಪ್ಲಾಸ್ಟಿಕ್ಕೇ ಮೇಲು.

ನಾನು ಕೊಂಡ ಮಾದರಿಯ ದೊಡ್ಡ ಕೊರತೆ ಅಳತೆಯದು. ಪೊಟ್ಟಣದ ಮೇಲಿನ ಅಳತೆಪಟ್ಟಿ ಲ್ಯಾಬ್ರಡಾರ್, ಜರ್ಮನ್ ಶೆಪರ್ಡ್‌ಗಳ ಅಗಲ ಮೂತಿಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು. ಮುಧೋಳದ ಮೂತಿ ಉದ್ದ ಮತ್ತು ಸಪೂರ. ಸುತ್ತಳತೆಗೆ ಹೊಂದುವ ಗಾತ್ರ ತಂದರೆ ಮೂಗಿನ ತುದಿ ಬುಟ್ಟಿಯ ಮುಂಭಾಗಕ್ಕೆ ತಾಗುತ್ತದೆ. ಉದ್ದಕ್ಕೆ ಹೊಂದುವುದನ್ನು ತಂದರೆ ಪಕ್ಕದಲ್ಲಿ ಅಲುಗಾಡಿ ಕಣ್ಣಿನ ಕೆಳಗೆ ಉಜ್ಜುತ್ತದೆ. ಎರಡರಲ್ಲಿ ಉದ್ದಕ್ಕೆ ಹೊಂದುವುದನ್ನೇ ಆರಿಸಬೇಕು, ಏಕೆಂದರೆ ಮೂಗು ಒರಗುವ ಬುಟ್ಟಿಯನ್ನು ಯಾವ ನಾಯಿಯೂ ಸಹಿಸುವುದಿಲ್ಲ. ಅಳತೆ ತೆಗೆಯುವ ಕ್ರಮ ಹೀಗೆ: ಕಣ್ಣುಗಳ ಸ್ವಲ್ಪ ಕೆಳಗಿನಿಂದ ಮೂಗಿನ ತುದಿಯವರೆಗೆ ಉದ್ದ, ಮೂತಿಯ ಅತಿ ದಪ್ಪ ಭಾಗದ ಸುತ್ತ ಸುತ್ತಳತೆ, ಸುತ್ತಳತೆಯನ್ನು ನಾಯಿ ಬಾಯಿ ತೆರೆದು ತೇಕುತ್ತಿರುವಾಗ ತೆಗೆದರೆ ಇನ್ನೂ ಒಳ್ಳೆಯದು. ತೊಡಿಸಿದ ಮೇಲೆ ಮೂಗಿನ ತುದಿಗೂ ಬುಟ್ಟಿಗೂ ನಡುವೆ ಒಂದು ಬೆರಳು ಸಲೀಸಾಗಿ ಆಡಬೇಕು. ಈ ಬಗೆಯ ಕೆಲವು ಮಾದರಿಗಳನ್ನು ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ಒತ್ತಿ, ಆಕಾರ ತಿದ್ದಿಕೊಳ್ಳಬಹುದು. ನನ್ನದು ಅದಕ್ಕೆ ಒಗ್ಗಿತು, ಪಕ್ಕದ ಅಲುಗಾಟ ಬಹಳ ಮಟ್ಟಿಗೆ ನಿಂತಿತು. ಗ್ರೇಹೌಂಡ್ ಜಾತಿಯ ನಾಯಿಗಳಿಗೆಂದೇ ತಯಾರಾದ ಉದ್ದ ಮೂತಿಯ ಮಜಲ್‌ಗಳು ಹೊರದೇಶದಲ್ಲಿ ಇವೆ, ನಮ್ಮ ದೇಶಿ ತಳಿಗೆ ಹೊಂದುವಂಥದ್ದು ಇಲ್ಲಿಯ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ತಯಾರಕರು ಗಮನಿಸಬೇಕಾದ ವಿಷಯ.

ಮಜಲ್‌ನ ಕೊರಳ ಪಟ್ಟಿಯೂ ಇಂಥದ್ದೇ ಸಮಸ್ಯೆ. ಮುಧೋಳದ ತಲೆ ಕಿರಿದು, ಕೊರಳು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಹಿಂದೆ ಬಕ್ಕಲ್ ಹಾಕಿದರೂ ಅದು ತಲೆ ತಗ್ಗಿಸಿ ಒಮ್ಮೆ ಹಿಂದಕ್ಕೆ ಸರಿದರೆ ಪಟ್ಟಿ ಕಳಚಿ ಬೀಳುತ್ತದೆ. ಹಣೆಯ ಮೇಲಿಂದ ಹಾದು ಕೊರಳಪಟ್ಟಿಗೆ ಸೇರುವ ಇನ್ನೊಂದು ಪಟ್ಟಿ ಇರುವ ಮಾದರಿಯನ್ನೇ ಕೊಳ್ಳಬೇಕು, ಮತ್ತು ಮಜಲ್‌ನ ಪಟ್ಟಿಯನ್ನು ಕೊರಳಿನ ಪಟ್ಟಾದೊಳಗೆ ತೂರಿಸಿ ಬಿಗಿಯಬೇಕು. ನನ್ನದರಲ್ಲಿ ಹಣೆಯ ಪಟ್ಟಿ ಇದೆ, ಆದರೆ ಅದರ ಹೊಲಿಗೆ ದುರ್ಬಲ. ಚಪ್ಪಲಿ ಹೊಲಿಯುವವರಲ್ಲಿ ಒಯ್ದು ಎರಡು ಸುತ್ತು ಹಾಕಿಸಬೇಕಾಯಿತು. ಈ ಬೆಲೆಗೆ ಇಷ್ಟಾದರೂ ಗಟ್ಟಿ ಹೊಲಿಗೆಯನ್ನು ನಿರೀಕ್ಷಿಸುವುದು ನ್ಯಾಯ.

ತೊಡಿಸುವ ಕ್ರಮದ ಮೇಲೆಯೇ ಮಜಲ್‌ನ ಉಪಯೋಗವೆಲ್ಲ ನಿಂತಿದೆ. ಹಿಡಿದು, ಬಿಗಿದು, ತೊಡಿಸಿದರೆ ನಾಯಿ ಅದನ್ನು ಮುಂಗಾಲಿನಿಂದ ಕೆರೆದು ಕೆರೆದು ಮೂತಿ ಗಾಯಮಾಡಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮಜಲ್ ಹಾಕಿದಾಗಲೆಲ್ಲ ಬೆಕ್ಕು ಕಾಣುತ್ತದೆ ಎಂದು ಕಲಿತು, ಬೆಕ್ಕನ್ನೇ ಆ ಹಿಂಸೆಯ ಕಾರಣವೆಂದು ಭಾವಿಸುತ್ತದೆ. ನಾವು ಬುಟ್ಟಿಯ ಒಳತುದಿಗೆ ಗಟ್ಟಿ ಮೊಸರು ಸವರಿ, ಅದನ್ನು ಬಟ್ಟಲಿನಂತೆ ಕೈಯಲ್ಲಿ ಹಿಡಿದು ಕುಳಿತೆವು. ಮೊದಲು ಮೋತಿ ನಾಲಿಗೆಯ ತುದಿಯಿಂದ ಅಂಚನ್ನಷ್ಟೇ ನೆಕ್ಕಿ ಹಿಂದೆ ಸರಿಯಿತು. ಬುಟ್ಟಿಯನ್ನು ಅದರತ್ತ ಒಯ್ಯದೆ ಕಾದಾಗ, ಕೆಲವು ದಿನಗಳ ನಂತರ ಅದೇ ಮೂತಿಯನ್ನು ಒಳಕ್ಕೆ ಪೂರ್ತಿ ಇಳಿಸಿ, ಮೊಸರು ಮುಗಿದ ಮೇಲೂ ತಳವನ್ನು ನೆಕ್ಕುತ್ತ ನಿಂತಿತು, ಹೊರಗೆ ತೆಗೆದಾಗ ಮೂಗಿನ ತುದಿಯಲ್ಲಿ ಬಿಳಿ ಬೊಟ್ಟು. ಅಲ್ಲಿಂದ ಮುಂದೆ ಪಟ್ಟಿ ಹಾಕುವುದು, ಕ್ಷಣಕಾಲ ಬಿಡುವುದು, ತೆಗೆಯುವುದು, ಹೀಗೆ ನಿಧಾನವಾಗಿ ಅವಧಿ ಹೆಚ್ಚಿಸಿದೆವು. ಮೊಸರಿನ ಬದಲು ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯನ್ನೂ ಬಳಸಬಹುದು. ಶೇಂಗಾ ಹಿಂಡಿಯಂಥ ನಮ್ಮ ಊಟದ ಪದಾರ್ಥ ಬೇಡ, ಅದರಲ್ಲಿರುವ ಬೆಳ್ಳುಳ್ಳಿ ನಾಯಿಗೆ ಒಳ್ಳೆಯದಲ್ಲ, ಈರುಳ್ಳಿಯೂ ಅಷ್ಟೇ.

ಇಷ್ಟೆಲ್ಲ ಆದ ಮೇಲೂ ಮಜಲ್ ಏನು ಮಾಡಲಾರದು ಎಂಬುದನ್ನು ಪೊಟ್ಟಣದ ಮೇಲೆ ಬರೆದಿರುವುದಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತೇನೆ. ಇಪ್ಪತ್ತೈದು ಕಿಲೋ ತೂಗುವ ನಾಯಿ ಮಜಲ್ ಹಾಕಿಕೊಂಡೇ ಮೂರು–ನಾಲ್ಕು ಕಿಲೋದ ಬೆಕ್ಕನ್ನು ಕೊಲ್ಲಬಲ್ಲದು. ಬುಟ್ಟಿಯ ಗಟ್ಟಿ ಮುಂಭಾಗದಿಂದ ಗುದ್ದಿದರೆ ಬೆಕ್ಕಿನ ಪಕ್ಕೆಲುಬು ಮುರಿಯುತ್ತದೆ. ಮುಂಗಾಲಿನಿಂದ ನೆಲಕ್ಕೆ ಒತ್ತಿ ಹಿಡಿದರೆ ಸಾಕು. ಕಚ್ಚದಿದ್ದರೂ ಅಟ್ಟುವುದರಲ್ಲೇ ನಾಯಿಗೆ ಸುಖವಿದೆ, ಪ್ರತಿ ಸಲ ಅಟ್ಟಿದಾಗಲೂ ಆ ಅಭ್ಯಾಸ ಗಟ್ಟಿಯಾಗುತ್ತದೆ. ಆದ್ದರಿಂದ 'ಮಜಲ್ ಹಾಕಿದೆ, ಇನ್ನು ಬಿಡಿ' ಎಂಬುದು ಬೆಕ್ಕಿನ ಪ್ರಾಣವನ್ನು ಪಣಕ್ಕಿಡುವ ಮಾತು. ಮಜಲ್ ಹಾಕಿರುವಾಗಲೂ ಹಗ್ಗ ನಮ್ಮ ಕೈಯಲ್ಲಿರಬೇಕು. ಗುಂಡಿ ಒತ್ತಿದರೆ ಉದ್ದವಾಗುವ ಬಗೆಯದಲ್ಲ, ಐದಾರು ಅಡಿಯ ಸಾದಾ ಹಗ್ಗ. ಯಾರೂ ಮನೆಯಲ್ಲಿಲ್ಲದಾಗ ಮಜಲ್ ಹಾಕಿ ಬಿಟ್ಟುಹೋಗುವುದು, ಬೊಗಳುವುದನ್ನು ತಡೆಯಲು ಗಂಟೆಗಟ್ಟಲೆ ಹಾಕಿಡುವುದು, ಎರಡೂ ಕ್ರೌರ್ಯವೇ. ಹಾಗಾದರೆ ಅದರಿಂದ ಪ್ರಯೋಜನವೇನು? ಮಜಲ್ ಇದ್ದಾಗ ಮನೆಯವರ ಕೈ ನಡುಗುವುದಿಲ್ಲ. ಹಗ್ಗ ಹಿಡಿದವನ ಭಯ ಹಗ್ಗದ ಬಿಗಿತದ ಮೂಲಕ ನಾಯಿಗೆ ತಲುಪುತ್ತದೆ. ಏನಾದರೂ ತಪ್ಪಿದರೂ ಹಲ್ಲು ತಾಗದು ಎಂಬ ಧೈರ್ಯ ಇದ್ದಾಗ ನಾವು ಹಗ್ಗವನ್ನು ಸಡಿಲವಾಗಿ ಹಿಡಿಯುತ್ತೇವೆ. ನನ್ನ ಮಟ್ಟಿಗೆ ಆ ಸಾವಿರ ರೂಪಾಯಿ ಸಾರ್ಥಕವಾದದ್ದು ಇದೊಂದೇ ಕಾರಣಕ್ಕೆ.

ಕಂಬಿ ಗೇಟಿನ ವಿಷಯ ಬೇರೆ. ಚಿಕ್ಕ ಮಕ್ಕಳಿಗೆಂದು ಆನ್‌ಲೈನಿನಲ್ಲಿ ಸಿಗುವ ಗೇಟುಗಳ ಎತ್ತರ ಸಾಮಾನ್ಯವಾಗಿ ಎರಡೂವರೆ ಅಡಿ. ಭುಜದ ಹತ್ತಿರವೇ ಸುಮಾರು ಎರಡೂಕಾಲು ಅಡಿ ಇರುವ ಮುಧೋಳಕ್ಕೆ ಅದು ಹೊಸ್ತಿಲಿದ್ದಂತೆ. ಅದಕ್ಕೇ ವೆಲ್ಡಿಂಗ್ ಅಂಗಡಿಗೆ ಹೋದದ್ದು. ಐದು ಅಡಿ ಎತ್ತರ. ಕಂಬಿಗಳ ನಡುವೆ ಒಂದೂವರೆ ಇಂಚಿಗಿಂತ ಹೆಚ್ಚು ಸಂದಿಯಿಲ್ಲ, ಏಕೆಂದರೆ ಈ ತಳಿಯ ಚೂಪು ಮೂತಿ ಎರಡು–ಮೂರು ಇಂಚಿನ ಸಂದಿಯಲ್ಲಿ ಆರಾಮವಾಗಿ ತೂರುತ್ತದೆ. ಕೆಳಗಿನ ಎರಡು ಅಡಿಗೆ ಸಣ್ಣ ಕಣ್ಣಿನ ಜಾಳಿಗೆ. ಓಡಿ ಬಂದು ಜಿಗಿಯುವಷ್ಟು ಜಾಗ ನಮ್ಮ ಪಡಸಾಲೆಯಲ್ಲಿಲ್ಲ, ಹಾಗಾಗಿ ಐದು ಅಡಿ ಸಾಕಾಯಿತು. ಬಾಗಿಲ ಚೌಕಟ್ಟಿನ ಮೇಲ್ಭಾಗದಲ್ಲಿ ಉಳಿದ ಎರಡು ಅಡಿಯೇ ಚಿನ್ನಿಯ ದಾರಿ. ಗೇಟಿನ ಎರಡೂ ಬದಿಗೆ ಒಂದೊಂದು ಅಲಮಾರಿ ಇಟ್ಟಿದ್ದೇವೆ. ಅದು ಅಲಮಾರಿ ಹತ್ತಿ, ಗೇಟಿನ ತಲೆಯ ಮೇಲೆ ಕಾಲಿಟ್ಟು, ಆಚೆ ಇಳಿಯುತ್ತದೆ. ಮಾಡಿಸುವವರು ಮೂರು ಸಂಗತಿ ಗಮನಿಸಬೇಕು. ವೆಲ್ಡಿಂಗಿನ ಮುಳ್ಳುಗಳನ್ನು ಕಾನಸಿನಿಂದ ಉಜ್ಜಿಸಿ ನುಣ್ಣಗೆ ಮಾಡಿಸಬೇಕು. ಬಣ್ಣ ಪೂರಾ ಒಣಗಿ ವಾಸನೆ ಹೋಗುವವರೆಗೆ ಕೂರಿಸಬಾರದು. ಚಿಲಕ ಎತ್ತಿದರೆ ತೆರೆಯುವಂಥದ್ದಾಗಿರದೆ, ಎಳೆದು ತಿರುಗಿಸಿದರೆ ಮಾತ್ರ ತೆರೆಯುವಂಥದ್ದಾಗಿರಬೇಕು, ಏಕೆಂದರೆ ಮೂತಿಯಿಂದ ಚಿಲಕ ಎತ್ತುವುದನ್ನು ನಾಯಿ ಬಹು ಬೇಗ ಕಲಿಯುತ್ತದೆ.

ಗೇಟು ಬಂದ ದಿನ ಅದಕ್ಕೆ ಅವ್ವನ ಹಳೆಯ ಕೌದಿಯನ್ನು ಮೇಲಿಂದ ಕೆಳಗಿನವರೆಗೆ ಇಳಿಬಿಟ್ಟೆವು. ಮೊದಲ ಹಂತದಲ್ಲಿ ನೋಟವೇ ಬೇಡ, ವಾಸನೆ ಸಾಕು. ಚಿನ್ನಿ ಮಲಗಿದ ಬಟ್ಟೆಯನ್ನು ಮೋತಿಯ ಕಡೆಗೂ, ಮೋತಿಯ ಹಾಸಿಗೆಯ ತುಂಡನ್ನು ಚಿನ್ನಿಯ ಕಡೆಗೂ ಇಟ್ಟೆವು. ಬಟ್ಟೆ ಮೂಸಿ ಇಬ್ಬರೂ ತಮ್ಮ ಪಾಡಿಗೆ ತಿರುಗಿ ಹೋಗುವ ಮಟ್ಟಕ್ಕೆ ಬಂದ ಮೇಲೆ ಕೌದಿಯನ್ನು ಮೇಲಕ್ಕೆ ಮಡಚತೊಡಗಿದೆವು, ಮೊದಲು ಗೇಣುದ್ದ. ಇಲ್ಲಿಂದ ಮುಂದಿನದೆಲ್ಲ ರಷ್ಯಾದ ವಿಜ್ಞಾನಿ ಪಾವ್ಲೋವ್ ನೂರು ವರ್ಷಕ್ಕೂ ಹಿಂದೆ ತೋರಿಸಿಕೊಟ್ಟ ತತ್ವದ ಮೇಲೆ ನಿಂತಿದೆ: ಬೆಕ್ಕು ಕಂಡರೆ ಕೋಳಿಯ ತುಣುಕು ಬರುತ್ತದೆ, ಬೆಕ್ಕು ಮರೆಯಾದರೆ ತುಣುಕೂ ನಿಲ್ಲುತ್ತದೆ. ಕ್ರಮ ಮುಖ್ಯ, ಮೊದಲು ಬೆಕ್ಕು, ಆಮೇಲೆ ತಿನಿಸು. ದೂರವೂ ಅಷ್ಟೇ ಮುಖ್ಯ. ನಾಯಿ ತಿನಿಸನ್ನು ಮೂಸದೆ ಬೆಕ್ಕನ್ನೇ ದಿಟ್ಟಿಸುತ್ತಿದ್ದರೆ ಅದರ ಅರ್ಥ ನಾವು ಅತಿ ಹತ್ತಿರ ಬಂದಿದ್ದೇವೆ ಎಂದು; ಆಗ ಗದರಿಸದೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಪಡಸಾಲೆಯ ಆ ತುದಿಯಿಂದ ಶುರುಮಾಡಿದ ನಾವು ಗೇಟಿನವರೆಗೆ ಬರಲು ಮಳೆಗಾಲ ಬಂತು. ಮೋತಿ ಚಿನ್ನಿಯನ್ನು ನೋಡಿ, ತಾನಾಗಿಯೇ ಮುಖ ತಿರುಗಿಸಿ, ನನ್ನ ಕೈಯ ಕಡೆ ನೋಡಿದ್ದನ್ನು ಕಂಡಾಗ ನನಗಾದ ಸಂತೋಷ ಹೇಳತೀರದು. ಈ ಕೆಲಸವನ್ನು ಮಜಲ್ ಮಾಡಿಕೊಡಲಾರದು. ದಿನದ ಇಪ್ಪತ್ತನಾಲ್ಕು ಗಂಟೆಯೂ ಎರಡು ಪ್ರಾಣಿಗಳನ್ನು ಬೇರೆಯಾಗಿರಿಸಿ, ನಡುನಡುವೆ ಸುರಕ್ಷಿತವಾಗಿ ತೋರಿಸಬಲ್ಲ ಗಟ್ಟಿ ಗೋಡೆಯೊಂದು ಇದ್ದರೆ ಮಾತ್ರ ಅದು ಸಾಧ್ಯ.

ಬೆಕ್ಕಿನ ಮಾತು ಇಂಥ ಚರ್ಚೆಗಳಲ್ಲಿ ಹಿಂದೆ ಬೀಳುತ್ತದೆ, ಅದು ನನಗೆ ನೋವಿನ ಸಂಗತಿ. ಎಲ್ಲರೂ ನಾಯಿಯ ತರಬೇತಿಯ ಬಗ್ಗೆ ಕೇಳುತ್ತಾರೆ. ಮನೆ ಕಳೆದುಕೊಂಡ ಭಾವನೆಯಲ್ಲಿ ಅಟ್ಟದ ಮೇಲೆ ಮುದುಡಿ ಕುಳಿತ ಬೆಕ್ಕಿನ ಬಗ್ಗೆ ಯಾರೂ ಕೇಳುವುದಿಲ್ಲ. ನಿರಂತರ ಭಯದಲ್ಲಿರುವ ಬೆಕ್ಕಿಗೆ ಮೂತ್ರಕೋಶದ ಉರಿಯೂತ ಬರಬಹುದು, ಅದು ಮರಳಿನ ತಟ್ಟೆ ಬಿಟ್ಟು ಬೇರೆಡೆ ಮೂತ್ರ ಮಾಡತೊಡಗಬಹುದು. ಎರಡು–ಮೂರು ದಿನ ಅದು ಏನೂ ತಿನ್ನದಿದ್ದರೆ ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಪ್ರಾಣಾಪಾಯವಾಗಬಹುದು. ಹಾಗಾಗಿ ಒಂದು ದಿನ ಉಪವಾಸ ಮಾಡಿದರೆ ಸಾಕು, ವೈದ್ಯರಿಗೆ ತೋರಿಸಬೇಕು. ನಾಯಿಯ ಕಾಲು ತಲುಪದ ಎತ್ತರದಲ್ಲಿ ಕೂರುವ ಜಾಗ, ತಿನ್ನುವ ಜಾಗ, ಓಡಾಡುವ ದಾರಿ ಬೆಕ್ಕಿಗೆ ಇರಲೇಬೇಕು. ಹಳೆಯ ಮನೆಗಳ ಗೋಡೆಯ ಮಾಡಗಳು ಇದಕ್ಕೆ ಬಹಳ ಚೆನ್ನಾಗಿ ಒದಗುತ್ತವೆ.

ನಾಯಿಯ ಕಡೆಯಿಂದಲೂ ವೈದ್ಯರ ಭೇಟಿ ಮೊದಲ ಹೆಜ್ಜೆಯಾಗಬೇಕು, ವಿಶೇಷವಾಗಿ ಇಷ್ಟು ದಿನ ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಮನೆಯ ಇನ್ನೊಂದು ಪ್ರಾಣಿಯ ಮೇಲೆ ಎರಗಿದರೆ. ನೋವಿನಿಂದ ಬಂದ ಸಿಡುಕಿಗೆ ತರಬೇತಿ ಮದ್ದಲ್ಲ. ಬೀದಿ ಸುತ್ತುವ ಅಭ್ಯಾಸವಿರುವ ಬೆಕ್ಕು, ನಾಯಿ ಎರಡಕ್ಕೂ ರೇಬೀಸ್ ಲಸಿಕೆ ಹಾಕಿಸಿರಬೇಕು ಎಂಬುದನ್ನು ಹೇಳಬೇಕಾಗಿಯೇ ಇಲ್ಲ. ಸಂತಾನಹರಣ ಮಾಡಿಸಿದರೆ ಬೆಕ್ಕನ್ನು ಅಟ್ಟುವುದು ನಿಲ್ಲುತ್ತದೆ ಎಂದು ಹಲವರು ಹೇಳುತ್ತಾರೆ. ಮಾಡಿಸಲು ಬೇರೆ ಒಳ್ಳೆಯ ಕಾರಣಗಳಿವೆ, ಬೇಟೆಯ ಸ್ವಭಾವ ಅದರಿಂದ ಕಡಿಮೆಯಾಗುವುದಿಲ್ಲ.

ಪಕ್ಕದ ಮನೆಯ ಕಾಕಾ ಸದ್ಭಾವನೆಯಿಂದಲೇ ಹೇಳಿದ್ದರು: 'ಎರಡು ಬಾರಿಸ್ರಿ, ಮನಿಗಿ ಮಾಲಕ ಯಾರಂತ ಗೊತ್ತಾಗ್ತದ.' ನಾಯಿ ಯಜಮಾನಿಕೆಗಾಗಿ ಹೋರಾಡುತ್ತದೆ ಎಂಬ ಈ ನಂಬಿಕೆಯ ಬೇರು 1947ರಲ್ಲಿ ಸ್ವಿಸ್ ವಿಜ್ಞಾನಿ ಶೆಂಕೆಲ್ ಮೃಗಾಲಯದ ತೋಳಗಳನ್ನು ನೋಡಿ ಬರೆದ ಪ್ರಬಂಧದಲ್ಲಿದೆ. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಒಬ್ಬರಾದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಗುಂಪು ಎಂದರೆ ತಂದೆ ತಾಯಿ ಮತ್ತು ಮಕ್ಕಳ ಕುಟುಂಬ ಎಂದು 1999ರಲ್ಲಿ ಬರೆದು ತಿದ್ದಿದರು. ಹೊಡೆದರೆ ನಾಯಿ ಗುರ್ರೆನ್ನುವುದನ್ನು ಬಿಡಬಹುದು, ಆಗ ಎಚ್ಚರಿಕೆಯಿಲ್ಲದೆ ಕಚ್ಚುವ ನಾಯಿ ಉಳಿಯುತ್ತದೆ. ಆನ್‌ಲೈನಿನಲ್ಲಿ ಧಾರಾಳವಾಗಿ ಸಿಗುವ ಕರೆಂಟ್ ಶಾಕ್ ಕೊಡುವ ಪಟ್ಟಿಗಳ ಬಗ್ಗೆಯೂ ಇದೇ ಮಾತು, ಇನ್ನೂ ಕಟುವಾಗಿ: ಬೆಕ್ಕನ್ನು ನೋಡುವಾಗ ಕೊರಳಿಗೆ ನೋವಾದರೆ ನಾಯಿ ಆ ನೋವನ್ನು ಬೆಕ್ಕಿನ ಲೆಕ್ಕಕ್ಕೆ ಬರೆಯುತ್ತದೆ. ಬರೀ ಬೇಟೆಯ ಕುತೂಹಲವಿದ್ದ ಕಡೆ ದ್ವೇಷವೂ ಸೇರಿಕೊಳ್ಳುತ್ತದೆ. ಆ ಹಣದಲ್ಲಿ ಗೇಟಿನ ಅರ್ಧ ಖರ್ಚು ಕಳೆಯುತ್ತದೆ.

ಎರಡು ನಾಯಿಗಳು ಪರಸ್ಪರ ಕಾದಾಡುವ ಮನೆಗೆ ಇವೆರಡೂ ಬೇರೆ ರೀತಿ ಒದಗುತ್ತವೆ. ಅಲ್ಲಿ ಒಂದಕ್ಕೆ ಮಾತ್ರ ಮಜಲ್ ಹಾಕುವುದು ಅನ್ಯಾಯ, ಅದು ತನ್ನನ್ನು ಕಾಪಾಡಿಕೊಳ್ಳಲಾರದು. ಹಾಕುವುದಾದರೆ ಎರಡಕ್ಕೂ ಹಾಕಬೇಕು. ಊಟವನ್ನು ಗೇಟಿನ ಎರಡು ಬದಿಗೆ ಬಡಿಸಿದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಕೋಳಿ, ಮೊಲ, ಪಂಜರದ ಲವ್ ಬರ್ಡ್ಸ್ ಇರುವವರು ಒಟ್ಟಿಗೆ ಬಿಡುವ ಆಸೆಯನ್ನೇ ಇಟ್ಟುಕೊಳ್ಳಬಾರದು, ಗೋಡೆಯೊಂದೇ ದಾರಿ.

ಈಗ ನಮ್ಮ ಮನೆಯಲ್ಲಿ ಸಂಜೆ ಮೋತಿ ಹಗ್ಗದಲ್ಲಿ, ತನ್ನ ಜಮಖಾನೆಯ ಮೇಲೆ ಮಲಗಿರುತ್ತದೆ, ಚಿನ್ನಿ ಅದೇ ಪಡಸಾಲೆಯ ಅಲಮಾರಿಯ ಮೇಲೆ ಕುಳಿತು ಮೈ ನೆಕ್ಕಿಕೊಳ್ಳುತ್ತದೆ. ಮಜಲ್ ಬಳಸುವುದು ಅಪರೂಪವಾಗಿದೆ. ಗೇಟನ್ನು ತೆಗೆಯುವ ಯೋಚನೆ ಇಲ್ಲ, ಮುಂದೆಯೂ ಇರುವುದಿಲ್ಲ. ನಾವು ಮನೆಯಲ್ಲಿ ಇಲ್ಲದಾಗ, ರಾತ್ರಿ ಮಲಗಿದಾಗ ಅದು ಮುಚ್ಚಿರುತ್ತದೆ. ಅಂಕ ಕೊಡುವುದಾದರೆ ವೆಲ್ಡಿಂಗ್ ಅಂಗಡಿಯ ಗೇಟಿಗೆ ಐದಕ್ಕೆ ಐದು. ಬುಟ್ಟಿ ಮಜಲ್‌ಗೆ ಐದಕ್ಕೆ ಮೂರು, ಒಂದು ಅಂಕ ಅಳತೆಗೆ, ಒಂದು ಹೊಲಿಗೆಗೆ ಕಳೆದಿದ್ದೇನೆ. ಬಟ್ಟೆಯ ಮಜಲ್‌ಗೆ ಯಾವ ಅಂಕವೂ ಇಲ್ಲ.

ಬೀದರ್, ಯಾದಗಿರಿ ಕಡೆಯಿಂದ ಮಜಲ್ ಕೊಳ್ಳಲು ಕಲಬುರಗಿಗೆ ಬರುವವರು ನಾಯಿಯ ಮೂತಿಯ ಎರಡೂ ಅಳತೆಗಳನ್ನು ಚೀಟಿಯಲ್ಲಿ ಬರೆದು ತರಬೇಕು, ಮತ್ತು ಗಾತ್ರ ಹೊಂದದಿದ್ದರೆ ಬದಲಿಸಿ ಕೊಡುತ್ತೇವೆ ಎಂದು ಬಿಲ್ಲಿನ ಮೇಲೆ ಬರೆದುಕೊಡುವ ಅಂಗಡಿಯಲ್ಲೇ ತೆಗೆದುಕೊಳ್ಳಬೇಕು. ಮನೆಗೆ ಒಯ್ದ ಮೇಲೆ ಮೊಸರು ಸವರುವ ಮುನ್ನವೇ ಮೂತಿಯ ಪಕ್ಕದಲ್ಲಿ ಹಿಡಿದು ಉದ್ದವನ್ನು ಹೋಲಿಸಿ ನೋಡಿ. ನಾಯಿ ನೆಕ್ಕಿದ ಬುಟ್ಟಿಯನ್ನು ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.